ಬೇವಿನ ಗಿಡದ ಬಳಿ ನಿಂತ ಬಸವೇಶ್ವರಿ ಟೀಚರು

ಕರಜಗಿಯಿಂದ ಮೂರು ಮೈಲು ಆಚೆಗೆ ನಮ್ಮ ವಸ್ತಿ. ಅಲ್ಲಿಯ ಒಂದೇ ಕೋಣೆಯ ಶಾಲೆಗೆ ಬಸವೇಶ್ವರಿ ಟೀಚರು ಒಂಬತ್ತು ವರ್ಷ ಕರಜಗಿಯಿಂದ ನಡೆದೇ ಬಂದವರು. ದುಡಿಮೆಯು ಶಿವಪೂಜೆಯಾಗುವುದನ್ನು ಕಣ್ಣಾರೆ ಕಾಣಬೇಕಿದ್ದರೆ ಆ ತಾಯಿ ಪಾಠ ಹೇಳುವುದನ್ನು ಹೋಗಿ ನೋಡಿರೆಂದು ನಾನು ಮಠದ ಪ್ರವಚನಗಳಲ್ಲಿ ಹೇಳುತ್ತಿದ್ದೆ. ಅವರು ಕುರ್ಚಿಯಲ್ಲಿ ಕುಳಿತವರಲ್ಲ. ಮಕ್ಕಳೆದುರು ನೆಲದ ಮೇಲೆ ಮಂಡಿಯೂರಿ, ಒಂದೊಂದು ಶಬ್ದವನ್ನೂ ಬಾಯಿ ಅಗಲಿಸಿ, ನಿಧಾನವಾಗಿ ನುಡಿಯುತ್ತಿದ್ದರು.

೨೦೨೦ರ ಮಾರ್ಚಿನಲ್ಲಿ ರೋಗ ಬಂತು, ಶಾಲೆಗೆ ಬೀಗ ಬಿತ್ತು. ಒಂದನೆಯ ತರಗತಿಯ ಹತ್ತೊಂಬತ್ತು ಕೂಸುಗಳು ಕಲಿತದ್ದನ್ನು ಮರೆತಾವೆಂಬ ಸಂಕಟದಿಂದ ಟೀಚರು, ಯಾರ ಆದೇಶಕ್ಕೂ ಕಾಯದೆ, ದಿನವೂ ಮನೆಮನೆಗೆ ಫೋನು ಮಾಡತೊಡಗಿದರು. ವಸ್ತಿಯಲ್ಲಿದ್ದವೆಲ್ಲ ಗುಂಡಿಯ ಸಣ್ಣ ಫೋನುಗಳು. ಅವುಗಳಲ್ಲಿ ಮಾತು ಕೇಳೀತೇ ಹೊರತು ಮುಖ ಕಾಣದು. ಮಕ್ಕಳು ಕೂಗಿ ಕೂಗಿ ಉತ್ತರಿಸಿದವು. ಜಯಮಾಲಾ ಒಬ್ಬಳು ಮಾತ್ರ ಉಸಿರೆತ್ತಲಿಲ್ಲ.

ಆರು ವರ್ಷದ ಈ ಹುಡುಗಿಯ ತಂದೆತಾಯಿ ಕಬ್ಬು ಕಡಿಯಲು ಹೋದ ಊರಲ್ಲೇ ಸಿಕ್ಕಿಬಿದ್ದಿದ್ದರು. ಅಜ್ಜಿ ಗಂಗುಬಾಯಿಯೇ ಅವಳಿಗೆ ಗತಿ. ಶಾಲೆಗೆ ಬಂದಾಗ ಮೂಕಿಯಂತಿದ್ದವಳು ಟೀಚರ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತು, ವರ್ಷದೊಳಗೆ ನಾಲ್ವತ್ತು ಶಬ್ದಗಳನ್ನು ಆಡತೊಡಗಿದ್ದಳು. ಐದನೆಯ ದಿನ ಟೀಚರು ಫೋನಿನಲ್ಲಿ ಅಜ್ಜಿಯನ್ನು ಕೇಳಿದರು:

“ಕೂಸು ಯಾಕ ಮಾತಾಡವಲ್ಲದ್ರಿ ಆಯಿ?”

“ಹಟಮಾರಿ ಐತ್ರಿ ಅದು. ಸಾಲ್ಯಾಗ ಮಾತಾಡ್ತಾಳ ಅಂತೀರಿ ನೀವು. ಮನ್ಯಾಗ ಹತ್ತ ಸಲ ಕರದ್ರೂ ತಿರುಗಿ ನೋಡಂಗಿಲ್ರಿ ಈ ಕತ್ತಿ!”

ಟೀಚರು ಫೋನನ್ನು ಕಿವಿಗೆ ಒತ್ತಿ ಹಿಡಿದರು. “ಆಯಿ, ಒಂದ ಗಂಗಾಳ ತಗೋರಿ. ಆಕಿ ಬೆನ್ನ ಹಿಂದ ನಿಂತು ಜೋರ ಬಡೀರಿ.”

ತಟ್ಟೆಯ ಸದ್ದು ಮೂರು ಮೈಲು ದಾಟಿ ಟೀಚರ ಕಿವಿಗೆ ಬಡಿಯಿತು.

“ತಿರುಗಿದಳೇನ್ರಿ?”

“ಇಲ್ರಿ. ಒಲಿ ನೋಡಕೋತ ಕುಂತಾಳ.”

ಕಿವಿ ಕೇಳದ ಆ ಕೂಸು ವರ್ಷವಿಡೀ ತುಟಿಯ ಚಲನೆ ನೋಡಿಯೇ ಕಲಿತಿತ್ತು. ಇಷ್ಟು ದಿನ ತನಗೆ ಅದು ತಿಳಿಯಲಿಲ್ಲವಲ್ಲ ಎಂದು ಟೀಚರು ನನಗೆ ಫೋನು ಮಾಡಿ ಅತ್ತರು. ಕಿವಿಯ ವೈದ್ಯರಿದ್ದುದು ಕಲಬುರಗಿಯಲ್ಲಿ; ಬಸ್ಸುಗಳು ನಿಂತುಹೋಗಿದ್ದವು. ತುಟಿ ಕಾಣದೆ ತಿಂಗಳುಗಳು ಕಳೆದರೆ ಆ ನಾಲ್ವತ್ತು ಶಬ್ದಗಳೂ ಉಳಿಯಲಾರವೆಂದು, ಮರುದಿನ ಇಳಿಹೊತ್ತಿನಲ್ಲಿ ಅವರು ನಡೆದೇ ಬಂದರು.

ವಸ್ತಿಯ ದಾರಿಗೆ ನಾವು ಜಾಲಿಮುಳ್ಳಿನ ಬೇಲಿ ಬಡಿದಿದ್ದೆವು. ಹೊರಗಿನವರನ್ನು ಬಿಡಬಾರದೆಂದು ಮಠದ ಕಟ್ಟೆಯ ಮೇಲೆ ನಿಂತು ಹೇಳಿದವನು ನಾನೇ. ಕಾವಲಿಗಿದ್ದ ಹುಲೆಪ್ಪ ಕೋಲೆತ್ತಿದ.

“ಅಲ್ಲೇ ನಿಂದರ್ರಿ ಟೀಚರ! ಬಾಯಿಗಿ ಬಟ್ಟಿ ಕಟ್ಟಕೋರಿ ಮೊದಲ.”

“ಕಟ್ಟಕೊಂಡ್ರ ಆಕಿಗಿ ಏನ ತಿಳೀತದೋ ಹುಲೆಪ್ಪ? ನನ್ನ ಬಾಯಿ ನೋಡೇ ಕಲೀತಾಳ ಆಕಿ.”

“ನಿಮ್ಮ ಬಾಯಾಗೇನ ಕರಿಹಲಗಿ ಐತೇನ್ರಿ, ನೋಡಿ ಕಲಿಯಾಕ?”

ಟೀಚರು ಬಾಯಿಗೆ ಬಟ್ಟೆ ಕಟ್ಟಿಕೊಳ್ಳುತ್ತ, ಬೇಲಿಯೊಳಗೆ ಜನರ ನಡುವೆ ನಿಂತಿದ್ದ ನನ್ನತ್ತ ತಿರುಗಿದರು. “ಶರಣರ, ನೀವರ ಹೇಳ್ರಿ. ಎರಡ ಮಾರು ದೂರ ಕೂಡ್ತೇನಿ.”

ನೆರೆಯೂರಿನಲ್ಲಿ ಒಬ್ಬರು ತೀರಿಹೋದ ಸುದ್ದಿ ಹಿಂದಿನ ದಿನವಷ್ಟೇ ಬಂದಿತ್ತು. ನೆರೆದವರೆಲ್ಲ ನನ್ನನ್ನೇ ನೋಡುತ್ತಿದ್ದರು. ನುಡಿಯ ಮಹಿಮೆಯನ್ನು ಮೂವತ್ತು ವರ್ಷ ಸಾರಿದ ನಾನು, ನ್ಯಾಯವೆಂದೇ ನಂಬಿ ನುಡಿದೆ:

“ತಂಗಿ, ಬಟ್ಟಿ ತೆಗೀಬೇಕಂದ್ರ ಆ ಬೇವಿನ ಗಿಡದ ಹತ್ರ ಹೋಗಿ ನಿಂದ್ರವ್ವ. ಅಲ್ಲಿಂದ ಹೇಳು.”

ಗಿಡವಿದ್ದುದು ಬೇಲಿಯಿಂದ ಮೂವತ್ತು ಮಾರು ಆಚೆಗೆ. ಟೀಚರು ಎದುರಾಡದೆ ಹೋದರು. ಬಟ್ಟೆ ಕಳಚಿ, ಮಂಡಿಯೂರಿ, “ನೀರು” ಎಂದು ಕೂಗಿದರು. “ಎಮ್ಮೆ” ಎಂದು ಕೂಗಿದರು. ವಸ್ತಿಗೆಲ್ಲ ಕೇಳಿಸಿತು. ಯಾರಿಗಾಗಿ ಕೂಗಿದರೋ ಅವಳೊಬ್ಬಳಿಗೆ ಕೇಳಿಸಲಿಲ್ಲ. ಅಷ್ಟು ದೂರದ ತುಟಿ ಅವಳಿಗೆ ಕಾಣಲೂ ಇಲ್ಲ. ಅಜ್ಜಿಯೊಡನೆ ಬೇಲಿಯ ಬಳಿ ನಿಂತಿದ್ದ ಜಯಮಾಲಾ ಗಿಡದತ್ತ ಓಡಿದಳು. ಲಂಗ ಮುಳ್ಳಿಗೆ ಸಿಕ್ಕಿತು. ಗಂಗುಬಾಯಿ ಅವಳನ್ನು ರಟ್ಟೆ ಹಿಡಿದು ಹಿಂದಕ್ಕೆಳೆದಳು.

“ಆಯಿ, ನೀವೇ ದಿನಾ ಆಕಿ ಎದುರು ಕುಂತು ಮಾತಾಡ್ರಿ!” ಎಂದು ಟೀಚರು ಗಿಡದ ಬುಡದಿಂದ ಕೂಗಿದರು.

“ನಾ ಏನ ಆಡ್ಲೆವ್ವ? ಬಾಯಾಗ ಒಂದ ಹಲ್ಲಿಲ್ಲ. ನಾ ಅಂದದ್ದು ನನ್ನ ಮಗಗ ತಿಳಿಯಂಗಿಲ್ಲ, ಈ ಕೂಸು ತುಟಿ ನೋಡಿ ಏನ ತಿಳಕೊಳ್ತದ?”

ಹುಲೆಪ್ಪನೂ ನಗಲಿಲ್ಲ. ಕೋಲು ಕೆಳಗಿಳಿಸಿದ. ಬೇಲಿ ಸರಿಸುವಷ್ಟು ಎದೆ ಅವನಿಗೂ ಇರಲಿಲ್ಲ, ಶಿವನೇ ಬಲ್ಲ, ನನಗೂ ಇರಲಿಲ್ಲ.

ಟೀಚರು ಇನ್ನೂ ಏಳೆಂಟು ಶಬ್ದ ಕೂಗಿದರು. ಧ್ವನಿ ಒಡೆಯಿತು. ಆಮೇಲೆ ಬಟ್ಟೆ ಕಟ್ಟಿಕೊಂಡು, ಎದ್ದು ಕರಜಗಿಯ ದಾರಿ ಹಿಡಿದರು.

ಜಯಮಾಲಾ ಬಂದು ನನ್ನ ಧೋತರ ಹಿಡಿದೆಳೆದು, ಕತ್ತೆತ್ತಿ ನನ್ನ ಮುಖವನ್ನೇ ದಿಟ್ಟಿಸಿದಳು. “ಬರ್ತಾರವ್ವ, ಮತ್ತ ಬರ್ತಾರ,” ಎಂದೆ. ನನ್ನ ಮೂಗು ಬಾಯಿಗಳ ಮೇಲೂ ಬಟ್ಟೆ ಬಿಗಿದಿತ್ತು. ನಾನು ಮಾತಾಡಿಯೇನೆಂದು ಕೂಸು ಕಾಯುತ್ತಲೇ ನಿಂತಿತ್ತು.