ಒಂದೇ ಕಲ್ಲಿನ ಕಂಪನಿ

ಅರವತ್ತು ಕೆಜಿ ಇಟ್ಟರೆ ತೂಕದ ಯಂತ್ರ ಅರವತ್ತೇ ತೋರಿಸಬೇಕು. ಇಷ್ಟು ತಿಳಿಯಲು ಎಂಜಿನಿಯರಿಂಗ್ ಓದಬೇಕಿಲ್ಲ.

ಸೌಭಾಗ್ಯ ಓದಿದ್ದಳು. ಚಿಗಟೇರಿಯ ಕುರಿ ಸಾಕುವ ಪಾಲಾಕ್ಷಪ್ಪನ ಮಗಳು. ದಾವಣಗೆರೆಯಲ್ಲಿ ಎಲೆಕ್ಟ್ರಾನಿಕ್ಸ್ ಮುಗಿಸಿ, 2003ರಲ್ಲಿ ಕೊಟ್ಟೂರಿನ ಎಲೆಕ್ಟ್ರಾನಿಕ್ ತೂಕದ ಯಂತ್ರಗಳ ಕಂಪನಿಯೊಂದಕ್ಕೆ ಸೇರಿದಳು. ಕಂಪನಿ ಎಂದರೆ ತಗಡಿನ ಶೆಡ್ಡು. ಹೆಣ್ಣುಮಕ್ಕಳಿಗೆ ಶೌಚಾಲಯವಿಲ್ಲ, ಎದುರುಮನೆ ಕೊಟ್ರಮ್ಮನ ಹಿತ್ತಲಿಗೆ ಹೋಗಬೇಕು. ಹೋದರೆ ಮಾಲೀಕ ಪ್ರವೀಣಕುಮಾರ್ ಗಡಿಯಾರ ನೋಡುತ್ತಿದ್ದ. ಯಂತ್ರದ ಚಿಪ್ ಅವನ ಬೀರುವಿನಿಂದಲೇ ಬರುತ್ತಿತ್ತು. ಅದರೊಳಗೇನಿದೆ ಎಂದು ಎಂಜಿನಿಯರ್ ನೋಡುವಂತಿಲ್ಲ. ಅವಳು ಯಂತ್ರ ಜೋಡಿಸಬೇಕು, ಇಪ್ಪತ್ತು ಕೆಜಿಯ ತೂಕದ ಕಲ್ಲಿಟ್ಟು ಪರೀಕ್ಷಿಸಬೇಕು, 'ಸರಿಯಾಗಿದೆ' ಎಂಬ ಚೀಟಿಗೆ ಸಹಿ ಮಾಡಿ ಅಂಟಿಸಬೇಕು.

ಕಲ್ಲು ಇದ್ದದ್ದು ಒಂದೇ. ಇನ್ನೆರಡು ಕೊಡಿಸಿ ಎಂದು ವರ್ಷವಿಡೀ ಕೇಳಿದಳು.

"ಒಂದು ಸಾಕಮ್ಮ. ನಮ್ಮ ಮಷೀನ್ ಮ್ಯಾಲೆ ನಿನಗ ನಂಬಿಕಿ ಇಲ್ಲೇನು?"

ಚಿಪ್ಪಿಗೆ ಬೀಗ, ಕಲ್ಲಿಗೆ ಬರ. ಅನುಮಾನ ಹುಟ್ಟಬೇಕಾದದ್ದು ಅಲ್ಲೇ. ಅವಳು ಜಿಪುಣತನ ಅಂದುಕೊಂಡಳು.

ಒಂದು ದಿನ ಮರಿ ಮಾರಲು ಸಂತೆಗೆ ಹೊರಟಿದ್ದ ಅಪ್ಪ, ಮಗಳಿಗೆ ರೊಟ್ಟಿ ಕೊಡಲು ಶೆಡ್ಡಿಗೆ ಬಂದ. ಮರಿ ತೂಕಕ್ಕೆ ಸುಮ್ಮನೆ ನಿಲ್ಲುವುದಿಲ್ಲ. ಹಾಗಾಗಿ ಕುರಿಯವರು ಮೊದಲು ತಾವು ನಿಲ್ಲುತ್ತಾರೆ, ಆಮೇಲೆ ಮರಿ ಎತ್ತಿಕೊಂಡು ನಿಂತು ತಮ್ಮ ತೂಕ ಕಳೆಯುತ್ತಾರೆ. ಪಾಲಾಕ್ಷಪ್ಪ ಮಗಳು ಜೋಡಿಸಿದ್ದ ಯಂತ್ರದ ಮೇಲೆ ಒಬ್ಬನೇ ನಿಂತ: ನಲವತ್ತೈದು. ಮರಿಯೊಂದಿಗೆ: ಐವತ್ತೈದು.

"ಹತ್ತೇನವ್ವ? ಹನ್ನೆರಡಕ್ಕೆ ಕಮ್ಮಿ ಇಲ್ಲ ಇದು. ನಿನ್ನ ಮಷೀನು ಎರಡು ಕೆಜಿ ಮೇಯ್ತು ನೋಡು."

"ಮಷೀನು ಕರೆಕ್ಟ್ ಐತಪ್ಪ, ನಿನ್ನ ಕೈ ಸೋತೈತಿ," ಮಗಳು ನಕ್ಕಳು.

"ಲೇ, ಇದೇ ಕೈಯಾಗ ನಿನ್ನೂ ಎತ್ತಿ ಬೆಳೆಸೀನಿ. ಆ ಕಲ್ಲು ಕೊಡಿಲ್ಲಿ."

ಕಲ್ಲೊಂದನ್ನೇ ಇಟ್ಟರು: ಇಪ್ಪತ್ತು. ಕಲ್ಲು ಹಿಡಿದು ಅಪ್ಪ ನಿಂತ. ಅರವತ್ತೈದು ಬರಬೇಕು, ಬಂದದ್ದು ಅರವತ್ತಮೂರು.

ಮಗಳ ನಗು ನಿಂತಿತು. ಐವತ್ತು ದಾಟಿದರೆ ಮಾತ್ರ ಕದಿಯುವ ಯಂತ್ರ! ಮೆಕ್ಕೆಜೋಳದ ಚೀಲ ಐವತ್ತು ದಾಟಿಯೇ ಇರುತ್ತದೆ. ಇಂಥ ನಲವತ್ತೊಂದು ಯಂತ್ರಗಳು ಅವಳ ಸಹಿ ಹೊತ್ತು ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆ ಹೋಗಿಬಿಟ್ಟಿದ್ದವು.

ಕೇಳಿದರೆ ಪ್ರವೀಣಕುಮಾರ್ ಬೆವರಲೂ ಇಲ್ಲ. "ಚೀಲಕ್ಕ ಎರಡು ಕೆಜಿ ಸೂಟು ಅಂತ ವ್ಯಾಪಾರಸ್ಥರು ಮೊದಲಿಂದ್ಲೂ ಕಳೀತಾರ. ಕೈಲೆ ಕಳೆದ್ರ ಜಗಳ. ಅದಕ್ಕ ಮಷೀನಿಗೆ ಕಲಿಸೀವಿ, ಅಷ್ಟ."

"ಹಂಗಾರ ಕೈಲೆ ಕಳೆಯೋದು ಬಿಟ್ಟಾರೇನ್ರಿ?"

"ಅದು ನಮ್ಮ ಕೆಲಸ ಅಲ್ಲ. ನೀ ಸೈನ್ ಹಾಕು."

ಹಾಕಲಿಲ್ಲ. ಯಂತ್ರ ಕೊಂಡವರ ಪಟ್ಟಿ ಕೇಳಿದಳು, ತನ್ನ ಚೀಟಿ ಕಿತ್ತು ತರಲು. ಮರುದಿನ ಬಾಗಿಲಲ್ಲಿ ಬೋರ್ಡು: ಹೊರಗಿನವರಿಗೆ ಪ್ರವೇಶವಿಲ್ಲ. ಹೊರಗಿನವರ ಪಟ್ಟಿಯಲ್ಲಿ ಅವಳೂ ಸೇರಿದ್ದಳು.

ಈಗ ಸೌಭಾಗ್ಯ ಊರೂರು ತಿರುಗಿ ತನ್ನ ಸಹಿಯನ್ನು ತಾನೇ ಹುಡುಕುತ್ತಿದ್ದಾಳೆ. ಒಂಬತ್ತು ಸಿಕ್ಕಿವೆ. ಉಳಿದ ಮೂವತ್ತೆರಡರ ಮೇಲೆ ನಿಮ್ಮದೇ ಚೀಲಗಳು ಏರುತ್ತಿವೆ. ನಾಳೆ ಚೀಲ ಏರಿಸುವ ಮೊದಲು ಇಪ್ಪತ್ತರ ಕಲ್ಲು ಮೂರು ಒಟ್ಟಿಗೆ ಇಡಿಸಿ. ಅರವತ್ತು ಬರದಿದ್ದರೆ ಗಾಡಿಯಿಂದ ಚೀಲ ಇಳಿಸಬೇಡಿ, ಆ ಚೀಟಿ ಕಿತ್ತು ಅವಳ ಕೈಗೆ ಮುಟ್ಟಿಸಿ.