ಪುಡಿ ಮಾಡಿದ ಮಾತ್ರೆ

ನಮ್ಮಮ್ಮನ ಅಲ್ಸರ್ ಮಾತ್ರೆಯನ್ನು ಪುಡಿ ಮಾಡಿ ಕೊಡು ಎಂದು ಅಕ್ಕನಿಗೆ ಹೇಳಿದವನು ನಾನು. ಅದನ್ನು ಪುಡಿ ಮಾಡಬಾರದು ಎಂದು ವರ್ಷವರ್ಷವೂ ಪಾಠ ಹೇಳುವವನೂ ನಾನೇ.

ರಾಜಾಜಿನಗರದ ಒಂದು ಫಾರ್ಮಸಿ ಕಾಲೇಜಿನಲ್ಲಿ ನಾನು ಮೇಷ್ಟ್ರು. ಔಷಧಗಳ ರಸಾಯನಶಾಸ್ತ್ರ ನನ್ನ ವಿಷಯ. ಅಮ್ಮ ಕೆಂಗೇರಿಯಲ್ಲಿ ಅಕ್ಕನ ಮನೆಯಲ್ಲಿದ್ದರು — ನೋಡಿಕೊಂಡವಳು ಅವಳು, ಭಾನುವಾರ ಹೋಗಿ ಉಂಡು, ಸಲಹೆ ಕೊಟ್ಟು ಬರುತ್ತಿದ್ದವನು ನಾನು. ಮಂಡಿನೋವಿನ ಮಾತ್ರೆ ನುಂಗಿ ನುಂಗಿ ಅಮ್ಮನ ಹೊಟ್ಟೆಯಲ್ಲಿ ಹುಣ್ಣಾಗಿತ್ತು. ಡಾಕ್ಟರು ಆಸಿಡ್ ತಗ್ಗಿಸಲು ಪ್ಯಾಂಟೊಪ್ರಜೋಲ್ ಬರೆದುಕೊಟ್ಟು, ಹುಳಿ, ಖಾರ ಮುಟ್ಟಬೇಡಿ ಎಂದಿದ್ದರು. ಒಂದು ಮಧ್ಯಾಹ್ನ ಅಕ್ಕ ಕಾಲೇಜಿಗೆ ಫೋನ್ ಮಾಡಿದಳು.

"ಅಮ್ಮಂಗೆ ಮಾತ್ರೆ ಗಂಟ್ಲಲ್ಲಿ ಇಳೀತಾನೇ ಇಲ್ಲ ಕಣೋ. ಏನ್ ಮಾಡ್ಲಿ?"

"ಪುಡಿ ಮಾಡಿ ಗಂಜೀಲಿ ಕಲ್ಸಿ ಕೊಡಕ್ಕ. ಏನೂ ಆಗಲ್ಲ."

ಯಾವ ಮಾತ್ರೆ ಎಂದು ಕೇಳಲಿಲ್ಲ. ಸಹೋದ್ಯೋಗಿ ಬಿಸಿ ಬೋಂಡ ತಂದಿಟ್ಟಿದ್ದ, ಅದು ಆರಿಹೋಗುತ್ತದೆ ಎಂಬ ಆತುರ ಈ ಮಹಾಶಯನಿಗೆ.

ಆ ಔಷಧದ ಸ್ವಭಾವವೇ ವಿಚಿತ್ರ. ಹೊಟ್ಟೆಯ ಆಸಿಡ್‌ಗೆ ನೇರವಾಗಿ ಸಿಕ್ಕರೆ ಕೆಲಸಕ್ಕೆ ಮೊದಲೇ ಒಡೆದು ಹಾಳಾಗುತ್ತದೆ. ಅದಕ್ಕೇ ಮಾತ್ರೆಯ ಮೇಲೊಂದು ಲೇಪ. ಲೇಪ ಕರುಳಿನಲ್ಲಿ ಕರಗಬೇಕು, ಔಷಧ ರಕ್ತ ಸೇರಿ ಸುತ್ತಿ ಬಂದು ಆಸಿಡ್ ಸುರಿಸುವ ಜೀವಕೋಶವನ್ನು ಹೊಗಬೇಕು, ಅಲ್ಲಿನ ಆಸಿಡ್‌ನಿಂದಲೇ ಎಚ್ಚೆತ್ತು ಅದರ ಪಂಪನ್ನು ಮುಚ್ಚಬೇಕು. ಬೋರ್ಡಿನ ಮೇಲೆ ಇದನ್ನು ಬಿಡಿಸುವಾಗ ನನಗೆಷ್ಟು ಹೆಮ್ಮೆ! ಅತ್ತ ಅಕ್ಕ ದಿನಾ ಕುಟ್ಟಾಣಿಯಲ್ಲಿ ಆ ಲೇಪವನ್ನೇ ನುಣ್ಣಗೆ ಕುಟ್ಟುತ್ತಿದ್ದಳು — ನನ್ನ ಮಾತು ನಂಬಿ.

ಅಮ್ಮ ರಕ್ತ ಕಾರಿಕೊಂಡರು. ಆಸ್ಪತ್ರೆಯಲ್ಲಿ ಡಾಕ್ಟರು, "ಮಾತ್ರೆ ತಪ್ಪಿಸಿದ್ರಾ?" ಎಂದು ಕೇಳಿದರು.

"ಒಂದಿನಾನೂ ಇಲ್ಲ ಸಾರ್," ಎಂದು ಅಕ್ಕ ಸ್ಟ್ರಿಪ್ ತೋರಿಸಿದಳು. "ಆದ್ರೆ ನಿನ್ನೆ ಅಮ್ಮ ಆಸೆಪಟ್ರು ಅಂತ ಎರಡು ತುತ್ತು ಹುಳಿಸಾರನ್ನ ಕೊಟ್ಬಿಟ್ಟೆ..."

ಸ್ಟ್ರಿಪ್ಪಿನ ಮೇಲಿನ ಹೆಸರನ್ನು ನಾನು ಮೊದಲ ಸಲ ಓದಿದ್ದು ಆಗ. ಹೇಳಬೇಕೆಂದು ಬಾಯಿ ತೆರೆದೆ — ತೆರೆದೆನೇ? ಇಲ್ಲ. ಔಷಧದ ಮೇಷ್ಟ್ರೇ ಹೀಗೆ ಹೇಳಿದರಂತೆ ಎಂದು ಜನ ಆಡಿಕೊಂಡರೆ... ಅಷ್ಟೇ ಯೋಚಿಸಿದ್ದು. ಆ ವಾರವೇ ಅಮ್ಮ ಹೋದರು.

ಪುಡಿ ಮಾಡದಿದ್ದರೆ ಉಳಿಯುತ್ತಿದ್ದರೇ — ಗೊತ್ತಿಲ್ಲ, ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಎರಡು ತುತ್ತು ಹುಳಿಸಾರಿನಿಂದ ಹಾಗಾಗದು ಎಂಬುದು ಮಾತ್ರ ನನಗೆ ಚೆನ್ನಾಗಿ ಗೊತ್ತಿತ್ತು. ತಿಥಿಗೆ ಬಂದವರೆದುರು ಅಕ್ಕ "ನನ್ ಕೈಯಾರೆ ಸಾಯಿಸ್ದೆ" ಎಂದು ಹಣೆ ಚಚ್ಚಿಕೊಂಡಾಗ ತಲೆ ತಗ್ಗಿಸಿ ಕೂತಿದ್ದೆ. ಆಮೇಲೂ ವರ್ಷಗಟ್ಟಲೆ ಹಾಗೆಯೇ ಕೂತೆ. ನೋಡಿದವರು ಪಾಪ, ಅದನ್ನು ದುಃಖ ಎಂದುಕೊಂಡರು.

ಕಳೆದ ಭಾನುವಾರ ಕೆಂಗೇರಿಗೆ ಹೋಗಿ ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆ, ಇನ್ನು ಈ ಮನೆಗೆ ಕಾಲಿಡಬೇಡ ಎನ್ನುತ್ತಾಳೆ ಎಂದುಕೊಂಡಿದ್ದೆ — ಅದನ್ನೇ ಬಯಸಿದ್ದೆ. ಅವಳು ಬಹಳ ಹೊತ್ತು ತನ್ನ ಬಲಗೈಯನ್ನೇ ನೋಡಿಕೊಂಡಳು.

"ಅಂದ್ರೆ... ದಿನಾ ಕುಟ್ಟಿ ಪುಡಿ ಮಾಡಿದ್ದು ನಾನೇ ಅಲ್ವೇನೋ?"

"ನಾನ್ ಹೇಳಿದ್ದಕ್ಕೆ ಕಣಕ್ಕ. ತಪ್ಪು ನಂದು," ಎಂದೆ. ಮತ್ತೆ ಮತ್ತೆ ಎಂದೆ. ಅವಳು ಕೇಳಿಸಿಕೊಳ್ಳಲೇ ಇಲ್ಲ.

ಹುಳಿಸಾರು ಕೊಟ್ಟದ್ದು ಒಂದು ದಿನ. ಪುಡಿ ಮಾಡಿದ್ದು ಪ್ರತಿದಿನ. ಇಷ್ಟು ವರ್ಷ ಸುಮ್ಮನಿದ್ದು ಮಾಡಿದ ಅನ್ಯಾಯ ಸಾಲದೆಂದು, ಹೇಳಿ ಇನ್ನೊಂದು ಮಾಡಿ ಬಂದೆ.