ಕಡಲಿಗೆಲ್ಲ ಗೊತ್ತಾದ ಗುಟ್ಟು

ನಾಲ್ಕು ವರ್ಷದ ಹಿಂದಿನ ಮಾತು. ಆಗ ನಾನು ಕುಂದಾಪುರದ ಒಂದು ಪದವಿಪೂರ್ವ ಕಾಲೇಜಿನಲ್ಲಿ ಕಚೇರಿ ಅಧೀಕ್ಷಕಿ; ನಿವೃತ್ತಿಗೆ ಎಂಟು ತಿಂಗಳು ಬಾಕಿಯಿತ್ತು. ಪಾಸಾದ ಮಕ್ಕಳಿಗೆ ಮುಂದಿನ ಕೋರ್ಸಿನ ಆನ್‌ಲೈನ್ ಅರ್ಜಿಯಲ್ಲಿ ತೊಡಕಾದರೆ ನನ್ನ ಮೇಜಿಗೇ ಬರುತ್ತಿದ್ದರು. ಆ ವೆಬ್‌ಸೈಟುಗಳನ್ನು ಕಂಡರೆ ನನಗೆ ಹೇಸಿಗೆ, ಮೊದಲೇ ಹೇಳಿಬಿಡುತ್ತೇನೆ. ಆ ಹೇಸಿಗೆ ಹುಟ್ಟಿದ ದಿನವೂ ನೆನಪಿದೆ.

ಅಂದು ಮಧ್ಯಾಹ್ನ ಎರಡೂವರೆಗೆ ದೀಕ್ಷಾ ಬಂದಳು. ಗಂಗೊಳ್ಳಿಯ ಮೀನುಗಾರ ಮಾಧವರ ಮಗಳು. ಮಂಗಳೂರಿನಲ್ಲಿ ಅವಳಿಗೆ ನರ್ಸಿಂಗ್ ಸೀಟು ಸಿಕ್ಕಿತ್ತು. ವೆಬ್‌ಸೈಟಿಗೆ ಹೋಗಿ ‘ಒಪ್ಪಿದ್ದೇನೆ’ ಎಂಬಲ್ಲಿ ಒತ್ತಬೇಕು, ಅಷ್ಟೇ. ಸಂಜೆ ಐದರೊಳಗೆ ಒತ್ತದಿದ್ದರೆ ಸೀಟು ಮುಂದಿನವರ ಪಾಲು. ಹಿಂದಿನ ಎರಡು ದಿನ ಅವರದೇ ಸರ್ವರ್ ಮಲಗಿತ್ತು. ಎದ್ದಾಗ ಹುಡುಗಿಯ ಪಾಸ್‌ವರ್ಡಿನ ಅವಧಿ ಮುಗಿದಿತ್ತು.

ಹೊಸ ಪಾಸ್‌ವರ್ಡ್ ಬೇಕೆಂದರೆ ನೋಂದಾಯಿಸಿದ ಮೊಬೈಲಿಗೆ ಬರುವ ಒಟಿಪಿ, ಅಂದರೆ ಒಂದೇ ಸಲ ಬಳಸುವ ಸಂಖ್ಯೆ, ಕೊಡಬೇಕು. ಇಲ್ಲವೇ ಅರ್ಜಿ ಹಾಕಿದ ದಿನ ಬರೆದಿಟ್ಟ ಗುಟ್ಟಿನ ಉತ್ತರ ಹೇಳಬೇಕು.

“ಫೋನ್ ಅಪ್ಪಯ್ಯನ ಹತ್ರ ಇತ್ತ್ ಮೇಡಂ. ಅವ್ರ್ ಕಡ್ಲಿಗೆ ಹೋಯಿ ನಾಕ್ ದಿನ ಆಯ್ತ್” ಎಂದಳು. ಅರ್ಜಿ ಹಾಕುವಾಗ ಮನೆಗೆಲ್ಲ ಅದೊಂದೇ ಫೋನು. ಕಡಲಲ್ಲಿ ಅಷ್ಟು ದೂರ ಹೋದ ಬೋಟಿಗೆ ಟವರ್ ಸಿಗುವುದಿಲ್ಲ.

ಇನ್ನು ಗುಟ್ಟಿನ ಪ್ರಶ್ನೆ: ನಿಮ್ಮ ಮೆಚ್ಚಿನ ಆಹಾರ ಯಾವುದು? ಫಾರಂ ತುಂಬಿಸಿದ್ದು ಮಾಧವರು, ಬರೆದದ್ದು ತಮ್ಮ ಮೆಚ್ಚಿನದು. ಬಂಗುಡೆ ಮೀನು ಎಂದು ಊಹಿಸಿ ದೀಕ್ಷಾ ಇಂಗ್ಲಿಷಿನಲ್ಲಿ ಎರಡು ಬಗೆಯಾಗಿ ಬರೆದು ಸೋತಿದ್ದಳು. ಮೂರನೆಯದೂ ತಪ್ಪಿದರೆ ಇಡೀ ದಿನ ಬೀಗ. ಸಹಾಯವಾಣಿಗೆ ಫೋನ್ ಮಾಡಿದೆ. ನಲವತ್ತು ನಿಮಿಷ ಸಂಗೀತ ಕೇಳಿಸಿದ ಮೇಲೆ ಒಬ್ಬಳು, “ಇದು ನಿಮ್ಮ ಸುರಕ್ಷತೆಗಾಗಿ ಮೇಡಂ” ಎಂದಳು. “ಯಾರಿಂದ ಸುರಕ್ಷತೆ? ಕಳ್ಳ ಬಂದು ಇವಳ ಬದಲು ನರ್ಸಿಂಗ್ ಓದುತ್ತಾನಾ?” ಎಂದೆ. ಫೋನ್ ಇಟ್ಟುಬಿಟ್ಟಳು.

ಆಗ ದೀಕ್ಷಾಳಿಗೇ ವೈರ್‌ಲೆಸ್ ನೆನಪಾಯಿತು. ಬೋಟಿನಿಂದ ಬೋಟಿಗೆ ಮಾತಾಡುವ ಸೆಟ್ಟು ಅದು. ಪಕ್ಕದ ಮನೆಯವರ ಮೊಬೈಲಿಗೆ ಫೋನ್ ಮಾಡಿ ತಾಯಿಗೆ ಹೇಳಿದಳು. ತಾಯಿ ಗಿರಿಜಾ ಬಂದರಿನ ದಕ್ಕೆಯಲ್ಲಿ ಕಟ್ಟಿದ್ದ ಬೋಟು ಹತ್ತಿದರು. ಆ ಮೊಬೈಲನ್ನೂ ಜೊತೆಗೊಯ್ದಿದ್ದರಿಂದ ನಮಗೂ ಅದೆಲ್ಲ ಕೇಳುತ್ತಿತ್ತು. ದಕ್ಕೆಯ ಕರೆ ಮಾಧವರ ತನಕ ಮುಟ್ಟದು. ನಡುವೆ ಮೂರು ಬೋಟಿನವರು ಒಬ್ಬರಿಂದೊಬ್ಬರಿಗೆ ದಾಟಿಸಿದರು. “ಹ್ವಾಯ್, ನಿಮ್ಮ್ ಹೆಣ್ಣಿಗೆ ಬೇಕಂಬ್ರ್, ನಿಮ್ಗೆ ಇಷ್ಟದ್ ತಿಂಬುದ್ ಎಂತ?”

ಕಡಲೆಲ್ಲ ನಕ್ಕಿತು. ಉತ್ತರ ಬರಲು ಅರ್ಧ ಗಂಟೆ ಹಿಡಿಯಿತು: ಬಾಂಗ್ಡಾ. ಬಂಗುಡೆಯೇ, ಆದರೆ ಮಾಧವರು ಹತ್ತು ವರ್ಷ ಮುಂಬಯಿಯ ಕ್ಯಾಂಟೀನಿನಲ್ಲಿ ದುಡಿದವರು, ಅಲ್ಲಿನ ಬೋರ್ಡಿನ ಮರಾಠಿ ಹೆಸರು ಬರೆದಿದ್ದರು. ವೈರ್‌ಲೆಸ್ಸಿನಲ್ಲಿ ಬಿ, ಡಿ ಎರಡೂ ಒಂದೇ ಥರ ಕೇಳುತ್ತವೆಂದು ಬೋಟಿನವರು ಇಂಗ್ಲಿಷ್ ಅಕ್ಷರಗಳನ್ನು ಊರ ಹೆಸರಿನಲ್ಲಿ ಹೇಳಿಸಿದರು: ಬೈಂದೂರಿನ ಬಿ, ಆನಗಳ್ಳಿಯ ಎ, ನಾವುಂದದ ಎನ್, ಗಂಗೊಳ್ಳಿಯ ಜಿ, ದೊಂಬೆಯ ಡಿ, ಮತ್ತೆ ಆನಗಳ್ಳಿ. “ಅಪ್ಪಯ್ಯ ಬರೂದ್ ಎಲ್ಲಾ ದೊಡ್ಡ್ ಅಕ್ಷರದಗೇ” ಎನ್ನುತ್ತ ದೀಕ್ಷಾ ಒತ್ತಿದಳು. ತೆರೆಯಿತು. ಗಂಟೆ ನಾಲ್ಕು ನಲವತ್ತು.

ಆಮೇಲೆ ಹೊಸ ಪಾಸ್‌ವರ್ಡಿನ ಕಾಟ. ದೊಡ್ಡಕ್ಷರವಿಲ್ಲ ಎಂದಿತು; ಹಾಕಿದರೆ ಅಂಕಿಯಿಲ್ಲ ಎಂದಿತು; ಅದನ್ನೂ ಹಾಕಿದರೆ ಚಿಹ್ನೆಯಿಲ್ಲ, ಕೊನೆಗೆ ಹಳೆಯದನ್ನು ಹೋಲುತ್ತದೆ ಎಂದಿತು. ಐದಕ್ಕೆ ಏಳು ನಿಮಿಷವಿದ್ದಾಗ ಒಪ್ಪಿತು, ಮರುಕ್ಷಣ ಸುರಕ್ಷತೆಗಾಗಿ ಎಂದು ನಮ್ಮನ್ನು ಹೊರಗೆ ದಬ್ಬಿತು. ಮತ್ತೆ ಲಾಗಿನ್ ಆದೆವು. ಪರದೆಯ ಮೇಲೆ ಬಂದ ಸಾಲು: ನಿಮ್ಮ ಮೊಬೈಲಿಗೆ ಒಟಿಪಿ ಕಳುಹಿಸಲಾಗಿದೆ.

ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಅದೇ. ಹುಡುಗಿ ಅಳಲಿಲ್ಲ. ಐದು ಹೊಡೆಯುವ ತನಕ ಆ ಖಾಲಿ ಚೌಕವನ್ನು ನೋಡುತ್ತ ಕೂತಿದ್ದಳು. ಮರುದಿನ ಎರಡು ಪುಟ ದೂರು ಬರೆದೆ. ನಿಯಮದಂತೆ ಅವಕಾಶವಿಲ್ಲ ಎಂದು ಒಂದೇ ಸಾಲಿನ ಉತ್ತರ ಬಂತು. ದೀಕ್ಷಾ ಬಿ.ಕಾಂ. ಸೇರಿದಳು.

ಆ ಕೆಲಸ ನನಗೆ ಕಲಿಸಿದ್ದು ಇಷ್ಟು: ಫಾರಂ ತುಂಬುವ ಮಗುವಿನ ಹತ್ತಿರ ಮೊಬೈಲ್ ನಂಬರ್ ಕೇಳುವ ಮೊದಲು, ಆ ಮೊಬೈಲು ದಿನವಿಡೀ ಎಲ್ಲಿರುತ್ತದೆ ಎಂದು ಕೇಳಬೇಕು. ಉಳಿದ ಎಂಟು ತಿಂಗಳೂ ಕೇಳಿದೆ. ಯಂತ್ರ ಮಾಡಿದವರು ಕೇಳುವುದಿಲ್ಲ.

ಮಾಧವರು ಬಂದದ್ದು ಆ ಸಂಜೆಯಾಗಿ ಐದು ದಿನದ ಮೇಲೆ. ಬೋಟು ದಡ ಮುಟ್ಟಿದ ಕೂಡಲೇ, ಮೀನು ಇಳಿಸಲೂ ನಿಲ್ಲದೆ, ಉಪ್ಪುನೀರಿನ ಲುಂಗಿಯಲ್ಲೇ ನನ್ನ ಮೇಜಿನ ಮುಂದೆ ನಿಂತರು. ಟವರ್ ಸಿಕ್ಕಿದ ಮೇಲೆ ಮೆಸೇಜು ಬಂದಿತ್ತು. ಮೊಬೈಲನ್ನು ಎದೆಗೆ ಒತ್ತಿ ಹಿಡಿದು, ಹಿಂದೆ ಮುಂದೆ ನೋಡಿ, ದನಿ ತಗ್ಗಿಸಿ ಕೇಳಿದರು:

“ಮೇಡಂ, ನಂಬ್ರ ಬಂದಿತ್ತ್. ಯಾರಿಗೂ ಹೇಳುಕಾಗ ಅಂದ್ ಬರ್ದಿತ್ತ್. ನಿಮ್ಗೆ ಹೇಳ್ಲಕ್ಕಾ?”